ಕುರ್ಚಿಗೆ ಜಾಕೆಟ್ ಹಾಕಿದವರು

ನಿಧಾನವನ್ನು ಭಾನುಮತಿ ಸಹಿಸಬಲ್ಲಳು. ಲಕ್ಷ್ಮೇಶ್ವರದಿಂದ ಗದಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಕಾಲೇಜು ಮುಗಿಸಿದವಳಿಗೆ ನಿಧಾನವೇನು ಹೊಸದೇ? ಅವಳ ಸಿಟ್ಟೆಲ್ಲ ಇರುವುದು ಇವತ್ತು ಬೇಗ, ನಾಳೆ ನಿಧಾನ, ನಾಡಿದ್ದು ಮತ್ತೆ ಬೇಗ ಅನ್ನುವುದರ ಮೇಲೆ. ಬಸ್ಸು ದಿನಾ ತಡವಾಗಿಯೇ ಬರುತ್ತದೆ ಅಂತಾದರೆ ಮನುಷ್ಯ ತಡವಾಗಿ ಮನೆ ಬಿಡುತ್ತಾನೆ. ಯಾವತ್ತು ತಡ ಅಂತ ಗೊತ್ತಿಲ್ಲದ ಬಸ್ಸಿಗೆ ದಿನಾ ಬೇಗ ಹೋಗಿ ನಿಂತು ಕಾಯಬೇಕು. ಅದು ಬರೀ ನಿಧಾನವಲ್ಲ, ಅವಮಾನ.

ಏನು ಕೆಲಸ ಮಾಡ್ತೀರಿ ಅಂತ ಕೇಳಿದವರಿಗೆ ಅವಳು "ಉಗ್ರಾಣ ನೋಡ್ಕೋತೀನಿ" ಅನ್ನುತ್ತಿದ್ದಳು. ಸುಳ್ಳೇನಲ್ಲ. ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾ ಅನ್ನುವ ಬಡಾವಣೆಯ ಮಾಲಿನ ಹಿಂದೆ, ಹೊರಗಿನಿಂದ ನೋಡಿದರೆ ಯಾವುದೋ ಇನ್ಶೂರೆನ್ಸ್ ಆಫೀಸಿನ ಹಾಗೆ ಕಾಣುವ ಕಟ್ಟಡದಲ್ಲಿ, ವಿಜ್ಞಾನಿಗಳಿಗೆಂದೇ ನಡೆಸುವ ಕಂಪ್ಯೂಟರ್ ಕೇಂದ್ರವಿತ್ತು. ಬೀರುಗಳ ಹಾಗೆ ಸಾಲುಸಾಲಾಗಿ ನಿಂತ ಸಾವಿರಾರು ಯಂತ್ರಗಳು ಒಂದಾಗಿ ಲೆಕ್ಕ ಹಾಕುತ್ತವೆ. ಒಬ್ಬರದು ಭೂಕಂಪದ ಲೆಕ್ಕ, ಇನ್ನೊಬ್ಬರದು ಔಷಧದ ಅಣುಗಳದ್ದು, ಮತ್ತೊಬ್ಬರದು ನಕ್ಷತ್ರಗಳದ್ದು. ಎಲ್ಲರ ಫೈಲುಗಳೂ ಹೋಗಿ ಕೂರುವುದು ಒಂದೇ ಸ್ಟೋರೇಜಿನಲ್ಲಿ. ಯಂತ್ರ ಎಷ್ಟೇ ಚುರುಕಾಗಿರಲಿ, ಉಗ್ರಾಣದಿಂದ ಅಕ್ಕಿ ಬಾರದೆ ಅಡುಗೆ ಆಗುವುದಿಲ್ಲವಲ್ಲ. ಆ ಉಗ್ರಾಣ ಭಾನುಮತಿಯದು.

ಅಲ್ಲಿ ಬೇಸಿಗೆಯಿಂದ ಒಂದು ಪೀಡೆ ಸೇರಿಕೊಂಡಿತ್ತು. ಅದೇ ಲೆಕ್ಕ, ಅದೇ ಯಂತ್ರ, ಅಷ್ಟೇ ಗಾತ್ರದ ಫೈಲು. ಸೋಮವಾರ ಊಟದ ಹೊತ್ತಿಗೆ ಮುಗಿಯುವುದು ಬುಧವಾರ ಸಂಜೆಯಾದರೂ ಒದ್ದಾಡುತ್ತಿತ್ತು. ಮುಂದಿನ ವಾರ ಬುಧವಾರ ಚೆನ್ನಾಗಿದ್ದು ಗುರುವಾರ ಕೆಡುತ್ತಿತ್ತು. ಒಂದು ವಾರ ಎರಡೂ ದಿನ. ಭಾನುಮತಿ ಡಿಸ್ಕುಗಳನ್ನು ನೋಡಿದಳು, ಕೇಬಲ್ಲುಗಳನ್ನು ನೋಡಿದಳು, ಒಂದು ಇಡೀ ಬೀರುವನ್ನು ಬದಲಾಯಿಸಿ ನೋಡಿದಳು. ಎಲ್ಲವೂ ಗಟ್ಟಿಮುಟ್ಟು.

ಅವಳ ಮೇಲಧಿಕಾರಿ ತ್ರಿವಿಕ್ರಮ. ಮೈಸೂರಿನವನು, ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ, ಹಾಗೆಯೇ ಯಾರಿಗೂ ನೇರವಾಗಿ ಹೌದು ಅಂದದ್ದನ್ನೂ ಕೇಳಿಲ್ಲ. ಅವನ ಗೋಡೆಯ ಮೇಲೆ ಒಂದು ದೊಡ್ಡ ಪರದೆ, ಪರದೆಯ ಮೇಲೆ ಒಂದು ಹಸಿರು ಗೆರೆ. ಉಗ್ರಾಣದೊಳಗೆ ಹೋಗಿಬರುವ ಸರಕಿನ ವಾರದ ಸರಾಸರಿ.

"ನೋಡಿ ಭಾನುಮತಿಯವರೇ, ಗ್ರೀನ್ ಇದೆ" ಅಂದ ತ್ರಿವಿಕ್ರಮ. "ಆವರೇಜ್ ಹೋದ ವರ್ಷಕ್ಕಿಂತ ಚೆನ್ನಾಗೇ ಇದೆ."

"ಆವರೇಜಿಗೆ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ, ತ್ರಿವಿಕ್ರಮ್ ಅವರೇ. ಬುಧವಾರಕ್ಕೆ ಕೊಟ್ಟಿರೋದು."

"ಬುಧವಾರಾನೂ ಆವರೇಜಲ್ಲಿ ಸೇರಿದೆಯಲ್ಲ."

ಆರು ದಿನ ಬಸ್ಸು ಬಂದು ಏಳನೆಯ ದಿನ ಬಾರದಿದ್ದರೆ, ಏಳನೆಯ ದಿನ ಮಳೆಯಲ್ಲಿ ನಿಂತವನನ್ನು ಹತ್ತಿಸಿಕೊಳ್ಳಲು ಸರಾಸರಿ ಅನ್ನುವ ಬಸ್ಸು ಬರುವುದಿಲ್ಲ. ಆದರೆ ಸರಾಸರಿ ನೋಡುವವರು ಸ್ಟಾಪಿನಲ್ಲಿ ನಿಲ್ಲುವವರಲ್ಲ. ಅವರಿಗೆ ಪಾರ್ಕಿಂಗ್ ಇರುತ್ತದೆ.

ಮಳೆಯಲ್ಲಿ ನಿಂತವಳು ಶಾಲಿನಿ. ಬೆಂಗಳೂರಿನ ಬಸವನಗುಡಿಯ ಹುಡುಗಿ, ಪಿಎಚ್.ಡಿ. ಮುಗಿಸಿ ಇಲ್ಲಿಗೆ ಸಂಶೋಧನೆಗೆ ಬಂದಿದ್ದಳು. ಅವಳ ಲೆಕ್ಕ ನೀರಿನದು. ಬೆಟ್ಟದ ಮೇಲೆ ಎಷ್ಟು ಮಳೆ ಬಿತ್ತು, ಎಷ್ಟು ಹಿಮ ಕರಗಿತು ಅನ್ನುವುದನ್ನು ಹಾಕಿ, ಸ್ನೊಕ್ವಾಲ್ಮಿ ಕಣಿವೆಯ ಯಾವ ಹೊಲಕ್ಕೆ, ಯಾವ ರಸ್ತೆಗೆ ಎಷ್ಟು ಹೊತ್ತಿಗೆ ಹೊಳೆ ನುಗ್ಗುತ್ತದೆ ಅಂತ ದಿನಾ ಮಧ್ಯಾಹ್ನದ ಹೊತ್ತಿಗೆ ಹೇಳಬೇಕು. ಕಣಿವೆಯ ದನ ಸಾಕುವವರು ಅದನ್ನು ನೋಡಿ ದನಗಳನ್ನು ದಿಬ್ಬಕ್ಕೆ ಹೊಡೆಯುತ್ತಿದ್ದರು. ನಕ್ಷತ್ರದ ಲೆಕ್ಕ ಒಂದು ದಿನ ತಡವಾದರೆ ನಕ್ಷತ್ರವೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಹೊಳೆ ಬಂದು ಹೋದ ಮೇಲೆ ಹೊಳೆ ಬರುತ್ತದೆ ಅಂದರೆ ಅದಕ್ಕೆ ಏನನ್ನಬೇಕು?

ಹೀಗಾಗಿ ಶಾಲಿನಿ ದೂರು ಕೊಟ್ಟಳು. ಮತ್ತೆ ಕೊಟ್ಟಳು. ಮೂರನೆಯ ದೂರಿಗೆ ಕೇಂದ್ರದ ಸಮಿತಿ ಕಣ್ಣು ಬಿಟ್ಟಿತು. ಸ್ಟೋರೇಜ್ ನಿಧಾನವಾದ ಪ್ರತಿಸಲವೂ ಯಂತ್ರದ ಮೇಲೆ ಓಡುತ್ತಿದ್ದ ಕೆಲಸ ಯಾರದು ಅಂತ ಹುಡುಕಿಸಿತು. ಶಾಲಿನಿಯದು. ತಪ್ಪದೇ ಪ್ರತಿಸಲ ಶಾಲಿನಿಯದೇ. ಹಾಗಾದರೆ ನಿಧಾನ ಮಾಡುತ್ತಿರುವವಳೇ ಅವಳು; ನವೆಂಬರ್ ನಡುವಿನ ಶುಕ್ರವಾರದ ಸಭೆಯಲ್ಲಿ ಈ ಯಂತ್ರದಲ್ಲಿ ಲೆಕ್ಕ ಓಡಿಸಲು ಅವಳಿಗಿದ್ದ ಪಾಲನ್ನು ತೆಗೆಯುವ ತೀರ್ಮಾನ ಆಗಬೇಕು. ತ್ರಿವಿಕ್ರಮ ಇದನ್ನು ಭಾನುಮತಿಗೆ ತಿಳಿಸಿದ್ದು ಕಾಫಿ ಮಗ್ ತೊಳೆಯುತ್ತ.

"ಅವಳ ಕೆಲಸ ದಿನಾ ಓಡ್ತದಲ್ರೀ" ಅಂದಳು ಭಾನುಮತಿ. ಸಿಟ್ಟು ಬಂದರೆ ಅವಳ ಬೆಂಗಳೂರು ಕನ್ನಡ ಕಳಚಿ ಒಳಗಿನಿಂದ ಗದಗಿನದು ಹೊರಗೆ ಬರುತ್ತಿತ್ತು. "ಊರಾಗ ಕಳವಾದಾಗೆಲ್ಲ ಓಣ್ಯಾಗ ಹಾಲು ಹಾಕಾಕಿ ಇದ್ದಳು ಅಂತ ಹಾಲಿನಾಕಿನ್ನ ಹಿಡಿತೀರೇನು? ಆಕಿ ದಿನಾ ಇರ್ತಾಳ. ಕಳವಾಗದ ದಿನಾನೂ ಇರ್ತಾಳ. ಅದನ್ನ ಯಾರರ ನೋಡೀರೇನು?"

"ನಾನು ಕಮಿಟಿ ಅಲ್ಲ, ಭಾನುಮತಿಯವರೇ. ನಿಮ್ಮ ಹತ್ರ ಬೇರೆ ಕಾರಣ ಇದ್ರೆ ತಗೊಂಡು ಬನ್ನಿ. ಇಲ್ದೆ ಇದ್ರೆ ಅವರು ಇದನ್ನೇ ಒಪ್ಕೊಳ್ತಾರೆ."

ಸಿಯಾಟಲ್ ಕಡೆ ಮಳೆಗಾಲ ಜೋರಾಗುವುದೇ ನವೆಂಬರಿನಲ್ಲಿ. ಹೊಳೆಯ ಲೆಕ್ಕ ನಿಲ್ಲಿಸುವುದಕ್ಕೆ ಒಳ್ಳೆಯ ತಿಂಗಳನ್ನೇ ಹುಡುಕಿದ್ದರು.

ಬೇರೆ ಕಾರಣ ಅವಳಿಗೆ ಸಿಕ್ಕಿದ್ದು ಆಫೀಸಿನಲ್ಲಲ್ಲ, ರಾಜ್ಯೋತ್ಸವದಲ್ಲಿ. ಬೆಲ್ವ್ಯೂನ ಒಂದು ಶಾಲೆಯ ಸಭಾಂಗಣವನ್ನು ಕನ್ನಡ ಸಂಘದವರು ಬಾಡಿಗೆಗೆ ಹಿಡಿದಿದ್ದರು. ಬಿಸಿಬೇಳೆಬಾತಿನ ಸಾಲಿನಿಂದ ಒಳಗೆ ಬಂದು ನೋಡುತ್ತಾಳೆ, ಸಭಾಂಗಣ ಹೆಚ್ಚುಕಡಿಮೆ ಖಾಲಿ, ಕುರ್ಚಿಗಳೆಲ್ಲ ಭರ್ತಿ. ಒಂದರ ಮೇಲೆ ಜಾಕೆಟ್, ಒಂದರ ಮೇಲೆ ಶಾಲು, ಇನ್ನೊಂದರ ಮೇಲೆ ಮಗುವಿನ ಒಂದೇ ಕಾಲಿನ ಶೂ. ಕೂತ ಮನುಷ್ಯರು ಮಾತ್ರ ಇಲ್ಲ. ಊರಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಜನ ಸಮುದ್ರ ದಾಟಿ ಬಂದು ನಾರ್ತ್ ಫೇಸ್ ಕಂಪನಿಯ ದುಬಾರಿ ಜಾಕೆಟ್ ಹಾಕುತ್ತಾರೆ, ಅಷ್ಟೇ ಪ್ರಗತಿ. ಕೈಯಲ್ಲಿ ಊಟದ ತಟ್ಟೆ ಹಿಡಿದ ವಯಸ್ಸಾದ ದಂಪತಿಗಳು ಗೋಡೆಗೆ ಒರಗಿ ನಿಂತಿದ್ದರು.

ಮೂರನೆಯ ಸಾಲಿನ ಆರೂ ಕುರ್ಚಿಗಳ ಮೇಲಿನ ಜಾಕೆಟ್‌ಗಳು ಅವಳಿಗೆ ಗುರುತು ಸಿಕ್ಕವು. ಅವಳ ಮನೆಯವೇ. ಆ ಸಾಲಿನ ತುದಿಯಲ್ಲಿ ಅವಳ ಗಂಡ ಮಹೇಶ ಕಾವಲು ನಿಂತಿದ್ದ.

"ನಾವು ಮೂರು ಮಂದಿ. ಆರು ಕುರ್ಚಿ ಯಾಕ್ರಿ?"

"ಯಾರರ ಬಂದಾರು ಅಂತ."

"ಯಾರು ಬರ್ತಾರ?"

"ಅದು ಗೊತ್ತಿಲ್ಲ. ಬಂದ್ರ ಇರಲಿ ಅಂತ." ಮಹೇಶ ಪ್ರಾಮಾಣಿಕವಾಗಿಯೇ ಹೇಳಿದ. ಮಗಳು ಮೈತ್ರಿ ಫೋನಿನಿಂದ ತಲೆ ಎತ್ತದೆ "ದಿಸ್ ಈಸ್ ಸೋ ಎಂಬರಾಸಿಂಗ್" ಅಂದಳು.

ಭಾನುಮತಿ ಮೂರು ಜಾಕೆಟ್ ಎತ್ತಿಕೊಂಡು ಗೋಡೆಗೆ ಒರಗಿದ್ದವರನ್ನು ಕರೆಯಲು ಹೊರಟಳು. ಮುಂದಿನ ಸಾಲಿನಲ್ಲಿ ಇದೇ ಕಾವಲು ಕೆಲಸ ಮಾಡುತ್ತಿದ್ದ ಜಯಂತ್ ನಕ್ಕ. ಕೇಂದ್ರದ ಯಂತ್ರದಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಇವನ ತಂಡದ್ದು. ನಕ್ಷತ್ರಪುಂಜಗಳು ಹುಟ್ಟುವ ಲೆಕ್ಕ ಹಾಕುತ್ತಾರೆ. ಪತ್ರಿಕೆಗಳಲ್ಲಿ ಬಣ್ಣದ ಚಿತ್ರ ಬರುವುದು ಅವರದೇ.

"ಯಾಕೆ ಮೇಡಂ ಎತ್ತಿಬಿಟ್ರಿ? ಹಿಡಿದ ಸೀಟ್ ಯಾರಾದ್ರೂ ಬಿಡ್ತಾರಾ?" ಅಂದ ಜಯಂತ್. "ನಿಮ್ಮ ಸ್ಟೋರೇಜಲ್ಲೂ ನಾವು ಹೀಗೇ ತಾನೇ ಬದುಕಿರೋದು."

"ಹೀಗೇ ಅಂದ್ರೆ?"

"ನಿಮ್ಮ ಕಸಬರಿಗೆ ಇದೆಯಲ್ಲ, ಶುಕ್ರವಾರದ್ದು. ಅದಕ್ಕೆ ಮುಂಚೆ ನಮ್ಮ ಹುಡುಗರು ಒಂದು ಸಣ್ಣ ಪ್ರೋಗ್ರಾಮ್ ಬಿಡ್ತಾರೆ. ಅದು ಹೋಗಿ ಎಲ್ಲಾ ಫೈಲ್‌ಗಳನ್ನೂ ಒಂದ್ಸಲ ಮುಟ್ಟಿ ಬರುತ್ತೆ. ಓದಲ್ಲ, ಬರೆಯಲ್ಲ, ಸುಮ್ನೆ ಮುಟ್ಟೋದು. ಫೈಲ್ ಇವತ್ತೇ ಉಪಯೋಗಿಸಿದ ಹಾಗೆ ಕಾಣುತ್ತೆ. ನಿಮ್ಮ ಕಸಬರಿಗೆ ಪಕ್ಕಕ್ಕೆ ಹೋಗುತ್ತೆ."

"ಎಷ್ಟು ಫೈಲು?"

"ಕೋಟಿಗಟ್ಟಲೆ ಇರಬಹುದು. ಹಳೇವು ಮೇಡಂ, ನಾವೇ ನೋಡಲ್ಲ. ಇರಲಿ ಅಂತ."

ಇರಲಿ ಅಂತ. ಗಂಡ ಹೇಳಿದ ಮಾತೇ. ಭಾನುಮತಿ ಜಾಕೆಟ್‌ಗಳನ್ನು ಅವುಚಿಕೊಂಡು ಅಲ್ಲೇ ನಿಂತುಬಿಟ್ಟಳು.

ಕಸಬರಿಗೆ ಅವಳೇ ಇಟ್ಟ ಹೆಸರು. ಉಗ್ರಾಣ ತುಂಬಿ ತುಳುಕಬಾರದೆಂದು, ಒಂದು ತಿಂಗಳು ಯಾರೂ ಮುಟ್ಟದ ಫೈಲುಗಳನ್ನು ಪ್ರತಿ ಶುಕ್ರವಾರ ಗುಡಿಸಿ ಹಾಕುವ ಪ್ರೋಗ್ರಾಮ್ ಅದು. ಆ ಗುಡಿಸುವಿಕೆಯಿಂದ ತಪ್ಪಿಸಿಕೊಳ್ಳಲು ಜನ ಫೈಲುಗಳನ್ನು ಮುಟ್ಟುತ್ತಾರೆ. ಒಬ್ಬ ಬುಧವಾರ, ಒಬ್ಬ ಗುರುವಾರ, ನೆನಪಾದಾಗ. ಅವಳ ಅಪ್ಪ ಪಿಂಚಣಿದಾರ. ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಕೌಂಟರಿನಲ್ಲಿ ನಿಂತು ತಾನಿನ್ನೂ ಬದುಕಿದ್ದೇನೆ ಅಂತ ತೋರಿಸಿ ಬರುತ್ತಿದ್ದರು. ಊರಿನ ಪಿಂಚಣಿದಾರರೆಲ್ಲ ಅಲ್ಲೇ. ಅವರು ದುಡ್ಡು ಕಟ್ಟುವುದಿಲ್ಲ, ತೆಗೆಯುವುದಿಲ್ಲ, ಮುಖ ತೋರಿಸುತ್ತಾರೆ, ಅಷ್ಟೇ. ಆದರೆ ಆ ಹೊತ್ತಿನಲ್ಲಿ ನಿಜವಾದ ಕೆಲಸವಿಟ್ಟುಕೊಂಡು ಬಂದವನು ಸಾಲಿನ ಕೊನೆಯಲ್ಲಿ ನಿಂತೇ ಇರಬೇಕು. ಸ್ಟೋರೇಜಿನಲ್ಲೂ ಅಂಥದೇ ಒಂದು ಕೌಂಟರ್ ಇದೆ. ಯಾವ ಫೈಲು ಎಲ್ಲಿದೆ ಅಂತ ಅಲ್ಲಿ ಕೇಳದೆ ಯಾರೂ ಒಳಗೆ ಹೋಗುವಂತಿಲ್ಲ. ಕೋಟಿ ಫೈಲುಗಳು ಅಲ್ಲಿಗೆ ಬಂದು "ಬದುಕಿದ್ದೇನೆ" ಅಂತ ಮುಖ ತೋರಿಸಿ ಹೋಗುತ್ತಿದ್ದರೆ, ಹಿಂದೆ ನಿಂತ ಶಾಲಿನಿಯ ಹೊಳೆ ಏನು ಮಾಡಬೇಕು? ತ್ರಿವಿಕ್ರಮನ ಗೆರೆಗೆ ಇದು ಕಾಣುವುದಿಲ್ಲ. ಅವನ ಗೆರೆ ಎಣಿಸುವುದು ಸರಕನ್ನು. ಮುಖ ತೋರಿಸಿದ್ದಕ್ಕೆ ತೂಕವಿಲ್ಲ.

ಆ ಸಂಜೆ ಕಾರ್ಯಕ್ರಮದಲ್ಲಿ ಯಾರು ಏನು ಹಾಡಿದರೋ ಅವಳಿಗೆ ಗೊತ್ತಿಲ್ಲ.

ಸೋಮವಾರ ಅವಳು ಶಾಲಿನಿಯನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದಳು. ಹುಡುಗಿ ಕುಣಿದಾಡುತ್ತಾಳೆ ಅಂದುಕೊಂಡಿದ್ದಳು. ಶಾಲಿನಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು.

"ಅಕ್ಕಾ, ಮುಟ್ಟೋ ಪ್ರೋಗ್ರಾಮ್ ನನ್ನ ಹತ್ರಾನೂ ಇದೆ."

"ಏನಂದಿ?"

"ಎಲ್ಲರೂ ಮಾಡ್ತಾರೆ ಅಕ್ಕಾ. ಬಂದ ಮೊದಲನೇ ವಾರದಲ್ಲೇ ಪಕ್ಕದ ಸೀಟಿನವನು ಹೇಳಿಕೊಟ್ಟ. ಹೋದ ವರ್ಷದ ಹೊಳೆ ಎಲ್ಲ ಹಾಗೇ ಇದೆ. ಬೇಕಾಗಬಹುದು ಅಂತ."

ಭಾನುಮತಿ ಕಣ್ಣು ಮುಚ್ಚಿಕೊಂಡಳು. ಹಾಲು ಹಾಕುವವಳ ಪರವಾಗಿ ಊರಿಗೆಲ್ಲ ಜಗಳ ಆಡಿ ಬಂದರೆ, ಅವಳ ಗಡಿಗೆಯಲ್ಲೂ ಒಂದಿಷ್ಟು ಕಳವಿನ ಮಾಲು. "ನಿನ್ನವು ಎಷ್ಟವ?"

"ಜಯಂತ್ ಅವರ ಮುಂದೆ ಏನೂ ಅಲ್ಲ. ಆದರೂ ಇದೆ."

"ಮತ್ತ ಅಳಸು."

"ಎಲ್ಲಾನೂ?"

"ಬೇಕಾದ್ದು ಇಟ್ಕೋ. ಇರಲಿ ಅಂತ ಇಟ್ಟದ್ದು ಅಳಸು. ನಾನು ನಿನ್ನ ಸಲುವಾಗಿ ಬಾಯಿ ತೆಗಿಬೇಕಂದ್ರ ನೀ ಮೊದಲು ಕೈ ತೊಳ್ಕೋಬೇಕು."

ಸಾಬೀತು ಮಾಡುವ ದಾರಿ ಸರಳವಾಗಿತ್ತು. ಒಂದು ವಾರ ಕಸಬರಿಗೆ ನಿಲ್ಲಿಸಬೇಕು. ಗುಡಿಸುವುದಿಲ್ಲ ಅಂತ ಗೊತ್ತಾದರೆ ಯಾರೂ ಮುಟ್ಟುವ ಗೋಜಿಗೆ ಹೋಗುವುದಿಲ್ಲ. ಆಗಲೂ ನಿಧಾನವಾದರೆ ಅವಳ ಮಾತು ಸುಳ್ಳು. ಆಗದಿದ್ದರೆ, ಶಾಲಿನಿ ಎಂದಿನಂತೆ ಅಲ್ಲೇ ಇದ್ದೂ ಉಗ್ರಾಣ ಸರಾಗವಾಗಿ ನಡೆದರೆ, ನಿಧಾನಕ್ಕೆ ಅವಳು ಕಾರಣವಲ್ಲ. ತ್ರಿವಿಕ್ರಮ ಕೇಳಿಸಿಕೊಂಡ. ಕಮಿಟಿಯನ್ನು ಕೇಳಬೇಕು ಅಂದ. ಕಮಿಟಿ ಸೇರುವುದು ಯಾವಾಗ? ಶುಕ್ರವಾರ. ಶಾಲಿನಿಯನ್ನು ತೆಗೆಯುವ ಶುಕ್ರವಾರ. ತೆಗೆದ ಮೇಲೆ, ತೆಗೆಯಬೇಕೇ ಬೇಡವೇ ಅನ್ನುವ ಪರೀಕ್ಷೆಗೆ ಅನುಮತಿ ಕೊಡುತ್ತಾರಂತೆ.

ಭಾನುಮತಿ ವಾಪಸು ಬಂದು ಕುರ್ಚಿಯಲ್ಲಿ ಕೂತಳು. ಉಗ್ರಾಣದ ದುರಸ್ತಿಗೆ ಬೇಕಾದಾಗ ಕಸಬರಿಗೆಯನ್ನು ಒಂದು ವಾರ ಮುಂದೂಡುವ ಅಧಿಕಾರ ಅವಳಿಗಿತ್ತು. ದುರಸ್ತಿ ಬೇಕಾಗಿತ್ತು. ಡಿಸ್ಕಿಗಲ್ಲದಿದ್ದರೇನಾಯಿತು? "ಈ ವಾರ ಯಾವ ಫೈಲನ್ನೂ ಅಳಿಸುವುದಿಲ್ಲ" ಅಂತ ಎಲ್ಲ ತಂಡಗಳಿಗೂ ಒಂದು ಸಾಲಿನ ಇಮೇಲ್ ಕಳಿಸಿದಳು. ಜಯಂತ್ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ.

ಆ ವಾರವೇ ಮಳೆ ಹಿಡಿಯಿತು. ಸಿಯಾಟಲ್‌ನವರಿಗೆ ಜಿನುಗು ಮಳೆ ಲೆಕ್ಕಕ್ಕಿಲ್ಲ. ಛತ್ರಿ ಹಿಡಿದವನನ್ನು ಹೊರಗಿನವನು ಅನ್ನುತ್ತಾರೆ. ಇದು ಅಂಥದಲ್ಲ. ಬೆಚ್ಚನೆಯ ಗಾಳಿಯ ಜೊತೆ ಬಂದು, ಬೆಟ್ಟದ ಮೇಲಿನ ಹೊಸ ಹಿಮವನ್ನೂ ಕರಗಿಸಿಕೊಂಡು ಇಳಿಯುವ ಮಳೆ. ಬುಧವಾರ ಶಾಲಿನಿಯ ಲೆಕ್ಕ ಊಟದ ಹೊತ್ತಿಗೆ ಮುಗಿಯಿತು. ಗುರುವಾರವೂ ಊಟದ ಹೊತ್ತಿಗೇ ಮುಗಿಯಿತು. ಭಾನುಮತಿ ಮೊಸರನ್ನದ ಡಬ್ಬಿ ಮುಚ್ಚುತ್ತಿದ್ದಾಗ ಫೋನು ಬಂತು.

"ಅಕ್ಕಾ, ನಿಮ್ಮ ಮನೆ ಕಣಿವೆಯಾಚೆ ಡುವಾಲಲ್ಲಿ ತಾನೇ? ಈಗಲೇ ಹೊರಡಿ. ಸಂಜೆ ಒಳಗೆ ಕಣಿವೆ ರಸ್ತೆ ಮೇಲೆ ನೀರು ಬರುತ್ತೆ."

ಭಾನುಮತಿ ಗಂಡನಿಗೆ ಫೋನ್ ಮಾಡಿದಳು. ಮಹೇಶನ ಆಫೀಸು ರೆಡ್ಮಂಡ್‌ನಲ್ಲಿ, ಹೊಳೆಯ ಈ ದಡದಲ್ಲಿ.

"ಇವತ್ತ ಬಂದ್ ಆಗಂಗಿಲ್ಲ ತಗೊ. ಸಾಮಾನ್ಯವಾಗಿ ಮಳಿ ನಿಂತ ಮರುದಿನ ಬಂದ್ ಆಗ್ತೈತಿ. ಇಷ್ಟು ವರ್ಷ ನೋಡಿಲ್ಲೇನು? ನಂದು ಒಂದು ಮೀಟಿಂಗ್ ಐತಿ, ಮುಗಿಸ್ಕೊಂಡು ಬರ್ತೇನಿ."

"ಸಾಮಾನ್ಯವಾಗಿ ಅನ್ನೂದು ಇವತ್ತಿಗೆ ಗೊತ್ತಿಲ್ರಿ. ಬರ್ರಿ ಅಂದ್ರ ಬರ್ರಿ."

ಅವನು ಬರಲಿಲ್ಲ. ಅವಳು ಕಣಿವೆ ದಾಟುವಾಗ ಎರಡೂ ಬದಿಯ ಹೊಲಗಳಲ್ಲಿ ನೀರು ಆಗಲೇ ಹುಲ್ಲನ್ನು ಮುಚ್ಚಿತ್ತು. ಒಬ್ಬ ಮುದುಕ ಕೊನೆಯ ಎರಡು ಹಸುಗಳನ್ನು ಟ್ರೈಲರಿಗೆ ಹತ್ತಿಸುತ್ತಿದ್ದ; ಅವನ ಕೊಟ್ಟಿಗೆ ಖಾಲಿಯಾಗಿತ್ತು. ಮನೆ ಸೇರಿ ಚಹಾ ಕುಡಿಯುವಷ್ಟರಲ್ಲಿ ರಸ್ತೆ ಮುಚ್ಚಿದ ಸುದ್ದಿ ಬಂತು. ಅದರ ಹಿಂದೆಯೇ ಮಹೇಶನ ಫೋನು.

"ರಸ್ತಾ ಬಂದ್ ಆತಲೇ, ಭಾನು. ಜಯಂತ್ ಮನ್ಯಾಗ ಮಲಗ್ತೇನಿ. ಸೋಫಾ ಐತಂತ."

"ಮಲಗೂಮುಂದ ಸೋಫಾದ ಮ್ಯಾಲ ಜಾಕೆಟ್ ಹಾಕ್ರಿ. ಯಾರರ ಬಂದಾರು" ಅಂದು ಫೋನಿಟ್ಟಳು.

ಶುಕ್ರವಾರದ ಸಭೆಗೆ ಅವಳು ಡುವಾಲ್‌ನ ಅಡುಗೆಮನೆಯಿಂದಲೇ ವಿಡಿಯೋದಲ್ಲಿ ಕೂತಳು. ತನ್ನ ಅನುಮತಿಯಿಲ್ಲದೆ ಕಸಬರಿಗೆ ನಿಂತದ್ದು ತ್ರಿವಿಕ್ರಮನಿಗೆ ಗೊತ್ತಾಗಿತ್ತು. ಸಭೆಗೆ ಮುಂಚೆ ಅವಳಿಗೆ ಮೃದುವಾದ ದನಿಯಲ್ಲಿ ಗಡುಸಾಗಿ ಹೇಳಿಯೂ ಆಗಿತ್ತು. ಅವಳು ವಾರವನ್ನು ತೋರಿಸಿದಳು. ಕಸಬರಿಗೆ ನಿಂತಾಗಿನಿಂದ ಪ್ರತಿ ದಿನವೂ ಒಂದೇ ಸಮ. ಹಿಂದಿನ ವಾರಗಳನ್ನು ತೋರಿಸಿದಳು. ಕೌಂಟರಿನ ಸಾಲು, ಮುಖ ತೋರಿಸಲು ಬಂದ ಕೋಟಿ ಫೈಲುಗಳು. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವವರು ತಾವಾಗಿಯೇ ಹೇಳಲಿ ಅಂತ ಬಿಟ್ಟಳು.

ಶಾಲಿನಿ ಮೈಕ್ ಆನ್ ಮಾಡಿದಳು. "ನಾನೂ ಮುಟ್ಟುತ್ತಿದ್ದೆ. ಈ ವಾರ ನನಗೆ ಬೇಡದ್ದನ್ನೆಲ್ಲ ಅಳಿಸಿದ್ದೇನೆ" ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಯಾರನ್ನು ತೆಗೆಯಬೇಕೆಂದು ಸಭೆ ಸೇರಿತ್ತೋ ಅವಳೊಬ್ಬಳೇ ಬಾಯಿ ಬಿಟ್ಟದ್ದು. ಪರದೆಯ ತುಂಬ ಇದ್ದ ಉಳಿದ ಚೌಕಗಳಲ್ಲಿ ಮೈಕಿಗೆ ಅಡ್ಡಗೆರೆ ಎಳೆದ ಕೆಂಪು ಗುರುತು. ಜಯಂತ್‌ನ ಚೌಕದ ಹಿಂದೆ ಸೋಫಾದ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದ ಮಹೇಶ ಮಾತ್ರ ಹೆಂಡತಿಯ ಮುಖ ಕಂಡು ಪಕ್ಕಕ್ಕೆ ಸರಿದ.

ಶಾಲಿನಿಯ ಪಾಲು ಉಳಿಯಿತು. ಅಷ್ಟನ್ನು ಸಮಿತಿ ಒಪ್ಪಿತು. ಆಮೇಲೆ ತ್ರಿವಿಕ್ರಮ ಪರಿಹಾರ ಸೂಚಿಸಿದ. ಎಲ್ಲರೂ ಒಟ್ಟಿಗೆ ಮುಟ್ಟುವುದರಿಂದ ತಾನೇ ತೊಂದರೆ? ಸರದಿ ಮಾಡೋಣ. ಸೋಮವಾರ ಒಂದು ತಂಡ, ಮಂಗಳವಾರ ಇನ್ನೊಂದು. ಎಲ್ಲರೂ ತಲೆಯಾಡಿಸಿದರು. ಬೇಡದ್ದನ್ನು ಅಳಿಸಿ ಅನ್ನುವ ಮಾತು ಒಬ್ಬರ ಬಾಯಿಂದಲೂ ಬರಲಿಲ್ಲ. ಕುರ್ಚಿಗೆ ಜಾಕೆಟ್ ಹಾಕುವುದನ್ನು ನಿಲ್ಲಿಸಲಾರದೆ, ಜಾಕೆಟ್ ಹಾಕಲು ವೇಳಾಪಟ್ಟಿ ಮಾಡಿದರು. ಓದಿದವರು, ಬ್ರಹ್ಮಾಂಡದ ಹುಟ್ಟನ್ನು ಲೆಕ್ಕ ಹಾಕುವವರು.

ಭಾನುಮತಿಗೆ ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. "ಒಂದು ಮಾತು ಸೇರಿಸಿ" ಅಂದಳು. "ಯಾರ ಸರದಿಯ ದಿನ ನಿಧಾನ ಆಗುತ್ತೋ, ಆ ದಿನದ ದೂರುಗಳೆಲ್ಲ ಆ ತಂಡದ ಮುಖ್ಯಸ್ಥರ ಫೋನಿಗೇ ಹೋಗಬೇಕು. ನನಗಲ್ಲ." ಊಟದ ಹೊತ್ತಾಗಿತ್ತು. ಯಾರೂ ಯೋಚಿಸದೆ ಒಪ್ಪಿಕೊಂಡರು.

ನೀರು ಇಳಿಯಿತು, ಮಹೇಶ ಮನೆಗೆ ಬಂದ, ಕಸಬರಿಗೆಯ ಕೆಲಸ ಮತ್ತೆ ಶುರುವಾಯಿತು. ಸೋಮವಾರ ಶಾಲಿನಿಯ ಫೋನು.

"ಅಕ್ಕಾ, ಇವತ್ತು ಮತ್ತೆ ಎಳೀತಾ ಇದೆ."

"ಇವತ್ತು ಯಾರ ಸರದಿ?"

"ಜಯಂತ್ ಅವರದು."

"ಹಂಗಾರ ಅವರಿಗೇ ಫೋನ್ ಹಚ್ಚು. ಎಳಿಯೂದು ನಿಲ್ಲೂತನಾ ಹಚ್ಚು. ಭೂಕಂಪದವರಿಗೂ ಹೇಳು, ಔಷಧದವರಿಗೂ ಹೇಳು."

ಸಂಜೆ ಜಯಂತ್ ಅವಳ ಮೇಜಿನ ಹತ್ತಿರ ಬಂದ. ಕೈಯಲ್ಲಿದ್ದ ಫೋನು ಗುಂಯ್‌ಗುಡುತ್ತಲೇ ಇತ್ತು. "ಮೇಡಂ, ಇದೇನು ಹಿಂಸೆ. ಬೆಳಿಗ್ಗೆಯಿಂದ ಒಂದೇ ಸಮ ಬಡ್ಕೋತಿದೆ. ಇದಕ್ಕೆ ಏನಾದ್ರೂ ಮಾಡಕ್ಕಾಗಲ್ವಾ?"

"ಆಗುತ್ತೆ. ಹಳೇ ಫೈಲ್ ಅಳಿಸಿ."

ಜಯಂತ್ ಗಲ್ಲ ಕೆರೆದುಕೊಂಡ. "ನೋಡೋಣ. ಟೀಮಲ್ಲಿ ಡಿಸ್ಕಸ್ ಮಾಡ್ತೀವಿ."

"ಮಾಡಿ" ಅಂದಳು ಭಾನುಮತಿ, ಕಾರಿನ ಕೀಲಿ ಎತ್ತಿಕೊಳ್ಳುತ್ತ. "ಮುಂದಿನ ಸೋಮವಾರಾನೂ ನಿಮ್ಮದೇ."